ಚಕ್ಕುಬಂದಿ: ನಾಲ್ಕು ದಿಕ್ಕಿಗೂ ನೀರು

(ರದ್ದಾದ ಕಡಲ ಹಕ್ಕುಪತ್ರವೊಂದರ ಕಾಲ್ಪನಿಕ ಸಂದರ್ಶನ)

ಇಂಡೋನೇಷ್ಯಾದಲ್ಲಿ ಜಕಾರ್ತಾದ ಮಗ್ಗುಲಿಗೇ ಇರುವುದು ತಂಗೇರಾಂಗ್ ಜಿಲ್ಲೆ. 2025ರ ಜನವರಿಯಲ್ಲಿ ಅಲ್ಲಿನ ಕಡಲೊಳಗಿನ ಬೇಲಿಯೊಂದು ದೇಶಕ್ಕೆಲ್ಲ ಸುದ್ದಿಯಾಯಿತು. ಬಿದಿರಿನ ಬೇಲಿ, ಉದ್ದ 30.16 ಕಿಲೋಮೀಟರು, ಹದಿನಾರು ಹಳ್ಳಿಗಳ ಎದುರಿಗೆ ಹಾದುಹೋಗಿತ್ತು. ಹಾಕಿಸಿದ್ದು ಯಾರು ಎಂದರೆ ಯಾರೂ ಬಾಯಿಬಿಡಲಿಲ್ಲ. ಕೆದಕಿದವರಿಗೆ ಬೇಲಿಗಿಂತ ದೊಡ್ಡ ಸೋಜಿಗವೇ ಸಿಕ್ಕಿತು. ಕೊಹೋಡ್ ಎಂಬ ಹಳ್ಳಿಯ ಕಡಲಿಗೆ ಸರ್ಕಾರವೇ 280 ಭೂ ಹಕ್ಕುಪತ್ರಗಳನ್ನು ಕೊಟ್ಟಿತ್ತು. 263 ಪತ್ರ ಕಟ್ಟಡ ಕಟ್ಟುವ ಹಕ್ಕಿಗೆ, 17 ಪತ್ರ ಪೂರ್ಣ ಒಡೆತನಕ್ಕೆ. ಫೆಬ್ರುವರಿ ಹೊತ್ತಿಗೆ 209 ರದ್ದಾದವು. ಆ 209ರಲ್ಲೊಂದು ಈಗ ಕೆಲಸವಿಲ್ಲದೆ ಕೂತಿದೆ, ಮಾತಿಗೆ ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ ಹೇಳಿಕೊಳ್ಳಬಹುದೇ?

ಹಕ್ಕುಪತ್ರ: ನಮಸ್ಕಾರ ಸ್ವಾಮಿ. ಹೆಸರು ಹಕ್ ಗುನಾ ಬಾಂಗುನಾನ್. ಸದರಿ ಜಾಗದಲ್ಲಿ ಕಟ್ಟಡ ಕಟ್ಟಿಕೊಂಡು ಅನುಭವಿಸಿಕೊಂಡು ಬರತಕ್ಕದ್ದು ಎಂಬ ಜಾತಿ. 1960ರ ಮೂಲ ಭೂ ಕಾಯ್ದೆಯ ವಂಶ ನಮ್ಮದು. ಮೂವತ್ತು ವರ್ಷ ಆಯಸ್ಸು, ಆಮೇಲೆ ಇಪ್ಪತ್ತು ವರ್ಷ ವಿಸ್ತರಣೆ. ನನಗೆ ಮಾತ್ರ ನೆಟ್ಟಗೆ ಮೂರು ವರ್ಷವೂ ದಕ್ಕಲಿಲ್ಲ.

ಪ್ರಶ್ನೆ: ತಮ್ಮ ಚಕ್ಕುಬಂದಿ?

ಹಕ್ಕುಪತ್ರ: ಬರೆದುಕೊಳ್ಳಿ. ಪೂರ್ವಕ್ಕೆ ನೀರು, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಜಾವಾ ಸಮುದ್ರ, ದಕ್ಷಿಣಕ್ಕೂ ನೀರೇ. ಅದನ್ನು ಈಜಿ ದಾಟಿದರೆ ಕೊಹೋಡ್. ಈ ಮಧ್ಯೆ ಇರುವ ಸ್ವತ್ತೂ ನೀರು. ಆದರೆ ಅಳತೆಯಲ್ಲಿ ಒಂದು ಅಡಿ ಆಚೀಚೆ ಇಲ್ಲ. ಸರ್ವೆ ಬಲು ಚೊಕ್ಕ.

ಪ್ರಶ್ನೆ: ನೀರಿಗೆ ಹಕ್ಕುಪತ್ರ ಕೊಡುವುದಕ್ಕೆ ಕಾನೂನಿನಲ್ಲಿ ಜಾಗವಿದೆಯೇ?

ಹಕ್ಕುಪತ್ರ: ಖಂಡಿತ ಇಲ್ಲ. ಕರಾವಳಿಯ ನೀರನ್ನೂ ಭಾಗ ಮಾಡಿ ಕಂಪನಿಗಳಿಗೆ ಹಕ್ಕು ಕೊಡಬಹುದೆಂದು 2007ರಲ್ಲಿ ಒಂದು ಕಾಯ್ದೆ ಬಂದಿತ್ತು. ಮೀನುಗಾರರ ಪರವಾಗಿ ಕೆಲವರು ಸಂವಿಧಾನ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ನ್ಯಾಯಾಲಯ ಆ ಹಕ್ಕನ್ನು ಬೇರುಸಹಿತ ಕಿತ್ತು ಹಾಕಿತು. ಅಂದಮೇಲೆ ನೀರಿಗೆ ಹಕ್ಕುಪತ್ರ ಕೊಡುವಂತೆಯೇ ಇಲ್ಲ. ಅದಕ್ಕೇ ನನ್ನನ್ನು ನೆಲದ ಹಕ್ಕುಪತ್ರವಾಗಿ ಮಾಡಿದರು.

ಪ್ರಶ್ನೆ: ನೆಲ ಎಲ್ಲಿದೆ?

ಹಕ್ಕುಪತ್ರ: ಇತ್ತು ಎನ್ನುವುದು ನಮ್ಮ ಕಡೆಯ ವಾದ. ಹಿಂದೆ ಅಲ್ಲಿ ಮೀನು ಸಾಕುವ ಹೊಂಡಗಳಿದ್ದವು, ಕಡಲ ಕೊರೆತಕ್ಕೆ ಹೋದವು, ಹಳೇ ಕಾಲದ ಕಂದಾಯದ ಕಾಗದಗಳಿವೆ ಎಂದರು. ಹಳ್ಳಿಯ ಕಚೇರಿಯಿಂದ ದೃಢೀಕರಣವೂ ಆಯಿತು. ಆ ಕಾಗದಗಳು ನಕಲಿ ಎಂದು ಆಮೇಲೆ ಪೊಲೀಸರು ಹೇಳಿದರು. ಊರ ಮುಖ್ಯಸ್ಥರನ್ನು ಒಳಗೂ ಹಾಕಿದರು. ಕಾಗದ ನಕಲಿ ಇರಬಹುದು ಸ್ವಾಮಿ, ನನ್ನ ಮೇಲಿದ್ದ ಮೊಹರು ಮಾತ್ರ ಅಸಲಿ.

ಪ್ರಶ್ನೆ: ಹೊಂಡಗಳಿದ್ದದ್ದು ನಿಜವೇ ಅನ್ನೋಣ. ನೆಲ ಕೊಚ್ಚಿಹೋದ ಮೇಲೆ ಹಕ್ಕೂ ಹೋಗಬೇಕಲ್ಲವೇ?

ಹಕ್ಕುಪತ್ರ: ಕಾನೂನು ಹೇಳುವುದೂ ಅದನ್ನೇ. ಗುರುತು ಸಿಗದಂತೆ ಹೋದ ನೆಲವನ್ನು ‘ತಾನಾಹ್ ಮುಸ್ನಾಹ್’, ನಾಶವಾದ ನೆಲ ಎನ್ನುತ್ತಾರೆ; ಅದರ ಮೇಲಿನ ಹಕ್ಕೂ ಅಲ್ಲಿಗೆ ಮುಗಿಯಿತು. ಈ ನಿಯಮ ಬಡವರ ಮೇಲೆ ಬಹಳ ಚುರುಕಾಗಿ ಕೆಲಸ ಮಾಡುತ್ತದೆ. ಮಧ್ಯ ಜಾವಾದ ಡೆಮಾಕ್ ಜಿಲ್ಲೆಯ ಸಾಯುಂಗ್ ಕಡೆಗೊಮ್ಮೆ ಹೋಗಿಬನ್ನಿ. ಗದ್ದೆ, ಹೊಂಡ, ಮನೆಯಂಗಳ ಎಲ್ಲ ಕಡಲಿನ ಪಾಲಾಗಿವೆ. ಅಲ್ಲಿಯವರ ಪತ್ರಗಳೂ ಅಸಲಿ, ನೆಲವೂ ನಿಜವಾಗಿ ಇದ್ದದ್ದೇ. ಸೆಮರಾಂಗ್–ಡೆಮಾಕ್ ಟೋಲ್ ರಸ್ತೆ ಆ ದಾರಿಯಲ್ಲಿ ಬಂದಾಗ ಏನು ಹೇಳಿದರು? ನಿಮ್ಮ ನೆಲ ನಾಶವಾಗಿದೆ, ಪೂರ್ತಿ ಪರಿಹಾರ ಬರುವುದಿಲ್ಲ, ಕರುಣೆಯ ಹಣ ಅಂತ ಒಂದಿಷ್ಟು ಕೊಡುತ್ತೇವೆ ಎಂದರು. ಅವರ ನೆಲ ಕಡತದಲ್ಲಿ ನೀರಾಯಿತು, ನನ್ನ ನೀರು ಅದೇ ಇಲಾಖೆಯ ಕಡತದಲ್ಲಿ ನೆಲವಾಯಿತು. ಭೂ ಬಳಕೆ ಬದಲಾವಣೆ ಅಂದರೆ ಇದೇ.

ಪ್ರಶ್ನೆ: ಇಷ್ಟೆಲ್ಲ ನಡೆಯುವಾಗ ಯೋಜನೆಯ ನಕ್ಷೆ ಅಂತ ಒಂದು ಇರಲಿಲ್ಲವೇ?

ಹಕ್ಕುಪತ್ರ: ನಕ್ಷೆಗೇನು ಬರ! 2007ರ ಪ್ರಾದೇಶಿಕ ಯೋಜನಾ ಕಾಯ್ದೆಯ ಪ್ರಕಾರ ದೇಶಕ್ಕೊಂದು, ಪ್ರಾಂತ್ಯಕ್ಕೊಂದು, ಜಿಲ್ಲೆಗೊಂದು, ನಗರಕ್ಕೊಂದು. ಅವುಗಳ ಕೆಳಗೆ ವಿವರ ನಕ್ಷೆ ಬೇರೆ. ಇಪ್ಪತ್ತು ವರ್ಷಕ್ಕೆಂದು ಬರೆದು ಐದು ವರ್ಷಕ್ಕೊಮ್ಮೆ ತೆಗೆದು ನೋಡುತ್ತಾರೆ. ನಕ್ಷೆಗೆ ವಿರುದ್ಧವಾಗಿ ಪರವಾನಗಿ ಕೊಟ್ಟ ಅಧಿಕಾರಿಗೆ ಐದು ವರ್ಷದವರೆಗೆ ಜೈಲು ಎಂದು ಅದರ 73ನೇ ವಿಧಿ ಹೇಳುತ್ತದೆ. ಬಹಳ ಒಳ್ಳೆಯ ವಿಧಿ. ಬಳಸಿದರೆ ಸವೆದೀತೆಂದು ಜೋಪಾನವಾಗಿ ಎತ್ತಿಟ್ಟಿದ್ದಾರೆ.

ಪ್ರಶ್ನೆ: ನಕ್ಷೆ ನೋಡಿಕೊಳ್ಳುವವರು ಯಾರು, ಹಕ್ಕುಪತ್ರ ಕೊಡುವವರು ಯಾರು?

ಹಕ್ಕುಪತ್ರ: ಇಬ್ಬರೂ ಒಬ್ಬರೇ. 2014ರಿಂದ ಭೂ ವ್ಯವಹಾರ, ಪ್ರಾದೇಶಿಕ ಯೋಜನೆ ಎರಡಕ್ಕೂ ಒಂದೇ ಸಚಿವಾಲಯ. ನಕ್ಷೆಗೆ ಬಣ್ಣ ಬಳಿಯುವ ಕೋಣೆಗೂ ಮೊಹರು ಒತ್ತುವ ಕೋಣೆಗೂ ಒಂದೇ ಸೂರು. ಕಡಲಿನೊಳಗಿನ ಯೋಜನೆ ಮಾತ್ರ ಮೀನುಗಾರಿಕೆಯ ಸಚಿವಾಲಯದ್ದು. ದಡದ ಗೆರೆಯವರೆಗೆ ಇವರು, ಗೆರೆ ದಾಟಿದರೆ ಅವರು. ಗೆರೆ ಎಲ್ಲಿದೆ ಎಂದು ಇವರು ಅವರನ್ನು ಕೇಳಲಿಲ್ಲ, ಅವರೂ ಇವರನ್ನು ಕೇಳಲಿಲ್ಲ. ಆ ಮೌನದಲ್ಲೇ ನನ್ನ ಜನನ.

ಪ್ರಶ್ನೆ: ತಮ್ಮದೊಂದು ಅಪರೂಪದ ಪ್ರಕರಣ ಅನ್ನಬಹುದೇ?

ಹಕ್ಕುಪತ್ರ: ಛೆ, ತುಂಬಿದ ಕುಟುಂಬ ನಮ್ಮದು. ಜಕಾರ್ತಾದ ಪೂರ್ವಕ್ಕೆ ಬೆಕಾಸಿಯಲ್ಲಿ 89 ಪತ್ರಗಳಿದ್ದವು. ಹುಟ್ಟುವಾಗ ಊರೊಳಗಿನ ಮನೆ ನಿವೇಶನಗಳು, ಎಲ್ಲ ಸೇರಿ ಸುಮಾರು 11 ಹೆಕ್ಟೇರು. 2022ರಲ್ಲಿ ಕಂಪ್ಯೂಟರಿನ ನಕ್ಷೆಯಲ್ಲಿ ಯಾರೋ ಕೈಯಾಡಿಸಿದರು. ಅವೆಲ್ಲ ಎದ್ದು ಕಡಲಿಗೆ ಇಳಿದವು. ಇಳಿದದ್ದಷ್ಟೇ ಅಲ್ಲ, 72 ಹೆಕ್ಟೇರಿಗೆ ಬೆಳೆದವು. ಕಡಲ ಗಾಳಿ ಮೈಗೆ ಹಿಡಿಯಿತು ಅಂತ ಕಾಣುತ್ತದೆ. ಪೂರ್ವ ಜಾವಾದ ಸಿದೋಆರ್ಜೋದಲ್ಲಿ ನಮ್ಮ ಅಣ್ಣಂದಿರು ಮೂವರಿದ್ದರು. 1990ರ ದಶಕದಲ್ಲೇ ಹುಟ್ಟಿದವರು, 656 ಹೆಕ್ಟೇರಿನ ಧಣಿಗಳು.

ಅರಣ್ಯದ ಕಡೆ ನಮ್ಮ ದಾಯಾದಿಗಳಿದ್ದಾರೆ, ಅವರ ಮುಂದೆ ನಾವೆಲ್ಲ ಏನೂ ಅಲ್ಲ. ದೇಶದ ನೆಲದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು, ಸುಮಾರು 12 ಕೋಟಿ ಹೆಕ್ಟೇರು, ಕಾಗದದ ಮೇಲೆ ಅರಣ್ಯ ಪ್ರದೇಶ. ಒಳಗೆ ಹೋದರೆ ಹಳ್ಳಿಗಳಿವೆ, ಶಾಲೆಗಳಿವೆ, ತಾಳೆ ಎಣ್ಣೆಯ ತೋಟಗಳಿವೆ. ಹಾಗೆ ಅರಣ್ಯದೊಳಗೆ ಕೂತ ತಾಳೆ ತೋಟವೇ ಸುಮಾರು 33 ಲಕ್ಷ ಹೆಕ್ಟೇರು. ಕೀಳುವುದಕ್ಕಾಗುತ್ತದೆಯೇ, ಸಕ್ರಮ ಮಾಡದೆ ವಿಧಿಯಿಲ್ಲ ಎಂದು 2023ರಲ್ಲಿ ಹಿರಿಯ ಸಚಿವರೊಬ್ಬರೇ ಹೇಳಿದರು. ಅವರದು ಮರವಿಲ್ಲದ ಕಾಡು, ನಮ್ಮದು ಮಣ್ಣಿಲ್ಲದ ನೆಲ. ಹಬ್ಬಕ್ಕೆ ಕರೆದರೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಬಹುದು.

ಪ್ರಶ್ನೆ: ಪಕ್ಕದಲ್ಲೇ ಜಕಾರ್ತಾ ಇದೆ. ಅದನ್ನು ನೋಡಿ ಏನು ಕಲಿತಿರಿ?

ಹಕ್ಕುಪತ್ರ: ಎಲ್ಲವನ್ನೂ. ನಗರದಲ್ಲಿ ನೂರಕ್ಕೆ ಮೂವತ್ತು ಪಾಲು ಹಸಿರು ಬಯಲಿರಬೇಕು ಎಂದು ಕಾಯ್ದೆ ಹೇಳುತ್ತದೆ. ಜಕಾರ್ತಾ 2010ಕ್ಕೆಂದು ಇಟ್ಟುಕೊಂಡಿದ್ದ ಗುರಿ 13.94. ಆ ಎರಡು ದಶಮಾಂಶ ಸ್ಥಾನಗಳನ್ನು ಗಮನಿಸಿ, ಎಷ್ಟು ಶ್ರದ್ಧೆ! ನಗರ ಇವತ್ತಿಗೂ ಹತ್ತನ್ನೇ ಮುಟ್ಟಿಲ್ಲ. ಇಂಗುವ ಜಾಗವೆಲ್ಲ ಕಾಂಕ್ರೀಟು, ನಲ್ಲಿ ನೀರು ಸಾಲದೆ ಮನೆ, ಹೋಟೆಲು, ಕಾರ್ಖಾನೆ ಎಲ್ಲರೂ ಅಂತರ್ಜಲ ಎತ್ತಿದರು. ಊರು ಕುಸಿಯಿತು. ಉತ್ತರ ಜಕಾರ್ತಾದ ಕೆಲವು ಕಡೆ ಒಂದು ಕಾಲಕ್ಕೆ ವರ್ಷಕ್ಕೆ 20 ಸೆಂಟಿಮೀಟರಿಗೂ ಹೆಚ್ಚು. ಇದ್ದ ನೆಲ ಕಡಲಿಗಿಂತ ಕೆಳಗಿಳಿದ ಊರಿನ ಎದುರಿಗೇ, ಕಡಲಿಗೆ ಮಣ್ಣು ಸುರಿದು 17 ದ್ವೀಪ ಮಾಡುವ ಯೋಜನೆ ಹೊರಟಿತು.

ಪ್ರಶ್ನೆ: ಆ ದ್ವೀಪಗಳನ್ನು ಆಗಿನ ಗವರ್ನರ್ ಅನೀಸ್ ಬಸ್ವೆಡಾನ್ ನಿಲ್ಲಿಸಿದರಲ್ಲ?

ಹಕ್ಕುಪತ್ರ: ನನ್ನ ಪಾಠ ಇರುವುದೇ ಅಲ್ಲಿ, ನಿಧಾನವಾಗಿ ಕೇಳಿ. 2018ರ ಜೂನ್‌ನಲ್ಲಿ ‘ಡಿ’ ದ್ವೀಪದಲ್ಲಿ ಪರವಾನಗಿಯಿಲ್ಲದೆ ಎದ್ದ 932 ಕಟ್ಟಡಗಳಿಗೆ ಗವರ್ನರ್ ತಾವೇ ನಿಂತು ಬೀಗಮುದ್ರೆ ಹಾಕಿಸಿದರು. ಸೆಪ್ಟೆಂಬರಿನಲ್ಲಿ, ಇನ್ನೂ ಕಟ್ಟದಿದ್ದ 13 ದ್ವೀಪಗಳ ಪರವಾನಗಿ ರದ್ದು ಮಾಡಿದರು. ಎಲ್ಲೆಲ್ಲೂ ಚಪ್ಪಾಳೆ. 2019ರ ಜೂನ್‌ನಲ್ಲಿ ನೋಡಿದರೆ ಬೀಗಮುದ್ರೆ ಬಿದ್ದಿದ್ದ ಕಟ್ಟಡಗಳಿಗೆ ಸದ್ದಿಲ್ಲದೆ ಪರವಾನಗಿ ಸಿಕ್ಕಿತ್ತು. ಕಟ್ಟದ್ದು ರದ್ದಾಯಿತು, ಕಟ್ಟಿದ್ದು ಉಳಿಯಿತು. ನಕ್ಷೆಯನ್ನು ನೋಡಿ ಕಟ್ಟುವವನು ದಡ್ಡ. ಕಟ್ಟಿ ಕೂತರೆ ನಕ್ಷೆಯೇ ಹುಡುಕಿಕೊಂಡು ಬರುತ್ತದೆ. ನಾನು ಎಡವಿದ್ದು ಇಷ್ಟೇ: ನನ್ನ ಮೇಲೆ ಒಂದು ಇಟ್ಟಿಗೆ ಬೀಳುವ ಮೊದಲೇ ಸಿಕ್ಕಿಬಿದ್ದೆ. ಹತ್ತು ಅಂತಸ್ತು ಎದ್ದಿದ್ದರೆ ಈ ಹೊತ್ತು ನಿಮಗೆ ಸಂದರ್ಶನ ಕೊಡುವುದಕ್ಕೆ ಪುರುಸೊತ್ತು ಇರುತ್ತಿತ್ತೇ?

ಪ್ರಶ್ನೆ: ಸಿಕ್ಕಿಬಿದ್ದದ್ದು ಹೇಗೆ?

ಹಕ್ಕುಪತ್ರ: ಪಾರದರ್ಶಕತೆಯಿಂದ! ಭೂ ಸಚಿವಾಲಯ ‘ಭೂಮಿ’ ಎಂಬ ಹೆಸರಿನಲ್ಲಿ ನಿವೇಶನಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಹಾಕಿದೆ. ಯಾರು ಬೇಕಾದರೂ ತೆರೆದು ನೋಡಬಹುದು. ನೋಡುವುದಿಲ್ಲ ಎಂಬ ನಂಬಿಕೆಯಿತ್ತು. ಬೇಲಿಯ ಗಲಾಟೆ ಎದ್ದಾಗ ಜನ ಕೂತಲ್ಲೇ ಮೊಬೈಲು ತೆರೆದು ಕಡಲಿನತ್ತ ಸರಿಸಿದರು. ನೀಲಿಯ ಮೇಲೆ ನಮ್ಮ ಚೌಕಗಳು ಸಾಲಾಗಿ ಕೂತಿದ್ದವು. ಸಚಿವ ನುಸ್ರೋನ್ ವಾಹಿದ್ ಜನವರಿ 20ರಂದು ಹೌದೆಂದು ಒಪ್ಪಿಕೊಳ್ಳಬೇಕಾಯಿತು.

ಪ್ರಶ್ನೆ: ಬೇಲಿ ಹಾಕಿದ್ದು ತಮ್ಮ ಕಡೆಯವರೇ?

ಹಕ್ಕುಪತ್ರ: ಬೇಲಿಗೂ ತಮಗೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದ್ದಾರೆ, ಎಲ್ಲರ ಜೊತೆ ನಾನೂ ಹೇಳುತ್ತೇನೆ. ಕಡಲ ಕೊರೆತ ತಡೆಯಲು ಮೀನುಗಾರರೇ ಕೈಯಿಂದ ಖರ್ಚು ಮಾಡಿ ನೆಟ್ಟರು ಎಂದೂ ಒಂದು ಕಥೆ ಬಂತು. ತಮ್ಮ ದೋಣಿಗೆ ತಾವೇ ಮೂವತ್ತು ಕಿಲೋಮೀಟರ್ ಅಡ್ಡ ಕಟ್ಟಿಕೊಂಡು, ಸುತ್ತುಬಳಸಿ ಹೋಗಿ ಹೆಚ್ಚಿನ ಎಣ್ಣೆ ಸುಡುವಷ್ಟು ಸಿರಿವಂತ ಮೀನುಗಾರರು! ಪ್ರಾಂತ್ಯದ ಮೀನುಗಾರಿಕೆ ಇಲಾಖೆಗೆ 2024ರ ಆಗಸ್ಟಿನಲ್ಲೇ ದೂರು ಮುಟ್ಟಿತ್ತು. ಅವರು ಬಂದು ನೋಡಿದರು. ಬೇಲಿ ಬೆಳೆಯುತ್ತಾ ಹೋಯಿತು. ಕೀಳುವಾಗ ಇನ್ನೂ ಸೊಗಸು. ಜನವರಿ 18ರಂದು ನೌಕಾಪಡೆ ಕೀಳಲು ಶುರುಮಾಡಿತು. ತಡೆಯಿರಿ, ಅದು ಸಾಕ್ಷ್ಯ ಎಂದು ಮೀನುಗಾರಿಕೆ ಸಚಿವರು ಕೂಗಿದರು. ನಾಲ್ಕು ದಿನ ಬಿಟ್ಟು ಇಬ್ಬರೂ ಕೂಡಿ ಕಿತ್ತರು. ನೆಡುವಾಗ ಮಾತ್ರ ಇಂಥ ಗೊಂದಲ ಒಂದೂ ಇರಲಿಲ್ಲ. ಖಾಸಗಿಯವರ ಯೋಜನಾ ಸಾಮರ್ಥ್ಯ ಕಂಡು ಸರ್ಕಾರ ಕಲಿಯಬೇಕು.

ಪ್ರಶ್ನೆ: ತಪ್ಪಿತಸ್ಥರಿಗೆ ಶಿಕ್ಷೆಯಾಗಿದೆ. ಸಮಾಧಾನವೇ?

ಹಕ್ಕುಪತ್ರ: ಭೂ ಇಲಾಖೆಯ ಎಂಟು ಮಂದಿಯ ಮೇಲೆ ಕ್ರಮವಾಯಿತು, ಆರು ಮಂದಿಯ ಕುರ್ಚಿ ಹೋಯಿತು. ಪೆನ್ನು ಹಿಡಿದವರು ಸಿಕ್ಕಿದರು. ಕಡಲಿನಲ್ಲಿ ಅಷ್ಟೊಂದು ನಿವೇಶನ ಯಾರಿಗೆ ಬೇಕಾಗಿತ್ತು ಎಂಬ ಪ್ರಶ್ನೆ ಮಾತ್ರ ಪೆನ್ನಿನ ಹತ್ತಿರ ಇರುವುದಿಲ್ಲವಲ್ಲ. ಇನ್ನು 280ರಲ್ಲಿ 58 ಪತ್ರಗಳು ದಡದ ಗೆರೆಯ ಒಳಗಿವೆ ಎಂದು ಉಳಿದುಕೊಂಡವು. ಅಳತೆಯಲ್ಲಿ ನನ್ನದೇ ಓರಗೆಯವರು. ಗೆರೆ ಒಂದಿಷ್ಟು ಈಚೆ ಬಂದಿದ್ದರೆ ನಾನೂ ಮಾನವಂತ.

ಪ್ರಶ್ನೆ: ಮುಂದೆ ಹುಟ್ಟುವ ಪತ್ರಗಳಿಗೆ ಏನು ಬುದ್ಧಿ ಹೇಳುತ್ತೀರಿ?

ಹಕ್ಕುಪತ್ರ: ಬಿದಿರು ನೆಡಬೇಡಿ. ಸಿದೋಆರ್ಜೋದ ಅಣ್ಣಂದಿರನ್ನು ನೋಡಿ, 656 ಹೆಕ್ಟೇರು ಕಡಲನ್ನು ಕಂಕುಳಲ್ಲಿಟ್ಟುಕೊಂಡು ಕಾಲು ಶತಮಾನಕ್ಕೂ ಮಿಗಿಲಾಗಿ ಹಾಯಾಗಿ ಬಾಳಿದರು. ನಮ್ಮ ಗಲಾಟೆ ಏಳದಿದ್ದರೆ ಅವರನ್ನು ಯಾರು ಕೇಳುತ್ತಿದ್ದರು? ಕಾಗದವಾಗಿದ್ದಷ್ಟು ದಿನ ನನ್ನನ್ನು ಸರ್ವೆಯವರು ಅಳೆದರು, ಕಚೇರಿಯವರು ಸಹಿ ಹಾಕಿದರು, ಕಂಪ್ಯೂಟರು ಒಪ್ಪಿತು. ಯಾರಿಗೂ ಇದು ಕಡಲು ಎಂದು ಹೊಳೆಯಲಿಲ್ಲ. ದೋಣಿಯ ಮೂತಿಗೆ ಬಿದಿರು ತಾಗಿದ ದಿನ ಮೀನುಗಾರನಿಗೆ ಹೊಳೆಯಿತು.

ಪ್ರಶ್ನೆ: ಅಂದರೆ ಕಡಲು ಯಾವುದು, ನೆಲ ಯಾವುದು ಎಂದು ಬಲ್ಲವರು ಮೀನುಗಾರರೇ ಅಂದಹಾಗಾಯಿತು.

ಹಕ್ಕುಪತ್ರ: ಮೆಲ್ಲಗೆ ಮಾತಾಡಿ ಸ್ವಾಮಿ! ನಕ್ಷೆ ಬರೆಯುವಾಗ ಅವರನ್ನು ಯಾರೂ ಒಳಗೆ ಕರೆಯುವುದಿಲ್ಲ. ನಮ್ಮ ವಂಶ ಇವತ್ತಿಗೂ ಬೆಳೆಯುತ್ತಿರುವುದು ಆ ಪುಣ್ಯದಿಂದಲೇ.