ನಾಲ್ವರಲ್ಲಿ ಒಬ್ಬರು

ನಮ್ಮ ಮಾವನಿಗೆ ನಾಟಕದ ಹುಚ್ಚು ಎಂದರೆ ಸಿಟ್ಟು ಬರುತ್ತದೆ. ಹುಚ್ಚು ಇರಬೇಕಾದದ್ದು ಆಡುವವರಿಗೆ, ನೋಡುವವನಿಗೆ ಬೇಕಾದದ್ದು ತಾಳ್ಮೆ ಎಂಬುದು ಅವರ ವಾದ. ಆ ತಾಳ್ಮೆಯನ್ನು ಅವರು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಸಂಪಾದಿಸಿದರು, ಸಂಜೆ ರವೀಂದ್ರ ಕಲಾಕ್ಷೇತ್ರದಲ್ಲಿ ಕೂತು ಖರ್ಚು ಮಾಡಿದರು. 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ಆಡಿಸಿದ ‘ಜೋಕುಮಾರಸ್ವಾಮಿ’ಯನ್ನು ಕಣ್ಣಾರೆ ಕಂಡೆವು ಎನ್ನುವವರನ್ನೆಲ್ಲ ಇವತ್ತು ಕರೆದು ಕೂರಿಸಿದರೆ ಆ ಬಯಲು ಸಾಲದು. ಮಾವ ಮಾತ್ರ ನಿಜವಾಗಿಯೂ ನೋಡಿದವರು. ಪುರಾವೆಗೆ ಅವತ್ತು ಸೊಳ್ಳೆ ಎಲ್ಲಿ ಕಚ್ಚಿತು ಎಂಬುದನ್ನೂ ಹೇಳುತ್ತಾರೆ.

ಇಂಥವರ ಮಗಳು ಎಡಿನ್‌ಬರಾದಲ್ಲಿ ಮನೆ ಮಾಡಿದಳು. ಮಾವ ಬರುವುದು ಮೊಮ್ಮಗನನ್ನು ಆಡಿಸುವುದಕ್ಕೆ, ವೀಸಾ ಅರ್ಜಿಯ ಪ್ರಕಾರ. ಆದರೆ ಮೊಮ್ಮಗನ ಮೇಲಿನ ಮಮತೆ ಪ್ರತಿ ವರ್ಷ ಸರಿಯಾಗಿ ಆಗಸ್ಟ್‌ನಲ್ಲೇ ಯಾಕೆ ಉಕ್ಕುತ್ತದೆ ಎಂದು ಯಾರೂ ಕೇಳಬಾರದು. ಆಗಸ್ಟ್ ಎಂದರೆ ಅಲ್ಲಿ ಫ್ರಿಂಜ್ ಉತ್ಸವ. 1947ರಲ್ಲಿ ಅಂತರರಾಷ್ಟ್ರೀಯ ಉತ್ಸವವೊಂದು ಶುರುವಾದಾಗ, ಆಹ್ವಾನವೇ ಇಲ್ಲದ ಎಂಟು ತಂಡಗಳು ತಾವಾಗಿಯೇ ಬಂದು ಸಿಕ್ಕ ಜಾಗದಲ್ಲಿ ನಾಟಕ ಆಡಿದವು. ಫ್ರಿಂಜ್ ಹುಟ್ಟಿದ್ದು ಹೀಗೆ. ಈ ಕಥೆ ಮಾವನಿಗೆ ಪಂಚಪ್ರಾಣ. “ಕರೀದೇ ಬಂದೋರು ಉಂಡು ಹೋಗ್ಲಿಲ್ಲ ಕಣೋ, ಛತ್ರಾನೇ ಬರೆಸ್ಕೊಂಡ್ರು!”

ಅಲ್ಲಿ ಆಯ್ಕೆ ಸಮಿತಿ ಎಂಬುದೇ ಇಲ್ಲ. ಜಾಗ ಹೊಂದಿಸಿಕೊಂಡು ಶುಲ್ಕ ಕಟ್ಟಿದರೆ ಯಾರು ಏನು ಬೇಕಾದರೂ ಆಡಬಹುದು. ಹೀಗಾಗಿ ಮೂರು ವಾರಗಳಲ್ಲಿ 3,000ಕ್ಕೂ ಹೆಚ್ಚು ಪ್ರದರ್ಶನಗಳು. ಪಬ್ಬಿನ ಮಹಡಿಯಲ್ಲಿ, ಚರ್ಚಿನ ಹಾಲಿನಲ್ಲಿ, ಸೇತುವೆಯಡಿಯ ನೆಲಮಾಳಿಗೆಯಲ್ಲಿ. ಸಮ್ಮರ್‌ಹಾಲ್ ಎಂಬಲ್ಲಿ ಹಿಂದೆ ಪಶುವೈದ್ಯ ಕಾಲೇಜಿತ್ತು. ಅಂಗರಚನಾಶಾಸ್ತ್ರದ ಪಾಠ ನಡೆಯುತ್ತಿದ್ದ ಕಡಿದಾದ ಗ್ಯಾಲರಿಯಲ್ಲೇ ಈಗ ಪ್ರೇಕ್ಷಕರು ಕೂರುತ್ತಾರೆ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದ ನಾಡಿನಿಂದ ಬಂದ ಮಾವ, ಇಲ್ಲಿ ನಟ ಕೈ ಚಾಚಿದರೆ ಗೋಡೆಗೆ ತಗಲುವ ಕೋಣೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರುತ್ತಾರೆ. ಬೆಳಗಿನದು ‘ಷೇಕ್ಸ್‌ಪಿಯರ್ ಫಾರ್ ಬ್ರೇಕ್‌ಫಾಸ್ಟ್’. ಟಿಕೆಟ್ಟಿನ ಜೊತೆ ಕಾಫಿ, ಕ್ರೊಸಾಂಟ್ ಕೊಡುವ ನಾಟಕ ಅದು. ನಾಟಕ ಹೇಗಿತ್ತು ಎಂದರೆ, “ಕಾಫಿ ನೀರು ನೀರು, ಹಾಸ್ಯ ಪರವಾಗಿಲ್ಲ.”

ಈ ಜಾತಿಯ ಪ್ರೇಕ್ಷಕರು ಆ ಊರಲ್ಲಿ ಬೇಕಾದಷ್ಟಿದ್ದಾರೆ. ಮಳೆಕೋಟು, ಬೆನ್ನಿಗೆ ಚೀಲ, ಚೀಲದಲ್ಲಿ ಕಪ್ಪಗಾದ ಬಾಳೆಹಣ್ಣು, ಕೈಯಲ್ಲಿ ಗೀಚಿ ಗೀಚಿ ಓದಲಾಗದ ವೇಳಾಪಟ್ಟಿ. ಪ್ರದರ್ಶನಗಳು ಹೆಚ್ಚಾಗಿ ಒಂದೊಂದು ಗಂಟೆಯವು. ಒಂದು ಮುಗಿದರೆ ಇನ್ನೊಂದರ ಬಾಗಿಲು ಮುಚ್ಚುವಷ್ಟರಲ್ಲಿ ಗುಡ್ಡ ಹತ್ತಿ ಓಡಬೇಕು. ಮಗಳು ಕೋಟೆ ತೋರಿಸುತ್ತೇನೆಂದರೆ ಮಂಡಿನೋವು ಎನ್ನುವ ಮಾವ ಇಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾರೆ. ಕ್ಯೂನಲ್ಲಿ ಇದೇ ಜಾತಿಯ ಒಬ್ಬ ಸ್ಕಾಟಿಷ್ ಮುದುಕ ಸಿಗುತ್ತಾನೆ. ಅವನ ಇಂಗ್ಲಿಷ್ ಮಾವನಿಗೆ ಅರ್ಥವಾಗುವುದಿಲ್ಲ, ಇವರದು ಅವನಿಗೆ. ಆದರೂ ಯಾವುದನ್ನು ನೋಡಬಾರದು ಎಂಬ ಮಾಹಿತಿ ಮಾತ್ರ ಚಾಚೂ ತಪ್ಪದೆ ದಾಟುತ್ತದೆ. ಇಬ್ಬರೂ ಅದನ್ನೇ ಹೋಗಿ ನೋಡುತ್ತಾರೆ.

ರಾಯಲ್ ಮೈಲ್‌ನಲ್ಲಿ ಮಾವನ ಜೊತೆ ನಡೆಯುವುದು ಒಂದು ಶಿಕ್ಷೆ. ಹೆಜ್ಜೆಗೊಬ್ಬ ಹುಡುಗ ಕರಪತ್ರ ಹಿಡಿದು ನಿಂತಿರುತ್ತಾನೆ, ಹೆಚ್ಚಿನಂಶ ಅವನೇ ನಾಯಕನಟ. ಬೇರೆಯವರು ಮುಖ ತಿರುಗಿಸಿ ಹೋಗುತ್ತಾರೆ. ಮಾವ ನಿಂತು, ಕನ್ನಡಕ ಹಾಕಿಕೊಂಡು, ಎರಡೂ ಬದಿ ಓದಿ, ತಂಡದಲ್ಲಿ ಎಷ್ಟು ಜನ, ಇಳಿದುಕೊಂಡಿರುವುದೆಲ್ಲಿ, ಊಟಕ್ಕೇನು ವ್ಯವಸ್ಥೆ ಎಂದೆಲ್ಲ ವಿಚಾರಿಸುತ್ತಾರೆ. ಕರಪತ್ರಕ್ಕೆ ಪಿನ್ ಹೊಡೆದ ಚೀಟಿಯಲ್ಲಿ ಐದು ನಕ್ಷತ್ರ ಇದ್ದರೆ, ಕೊಟ್ಟವರ ಹೆಸರು ಎಷ್ಟು ಸಣ್ಣ ಅಕ್ಷರದಲ್ಲಿದೆ ಎಂದು ಮೊದಲು ನೋಡುತ್ತಾರೆ. ಚೆಕ್ಕಿನ ಸಹಿ ನೋಡಿದ ಕಣ್ಣು.

ಒಂದು ಸಂಜೆ ಕೌಗೇಟ್ ಬೀದಿಯ ನೆಲಮಾಳಿಗೆಗೆ ನನ್ನನ್ನೂ ಎಳೆದುಕೊಂಡು ಹೋದರು. ಕಲ್ಲಿನ ಕಮಾನು, ಒದ್ದೆ ವಾಸನೆ, ಮೂಲೆಯಲ್ಲಿ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್. ಪ್ರೇಕ್ಷಕರು ನಾಲ್ವರು. ನಾವಿಬ್ಬರು, ನಟಿಯ ತಾಯಿ, ಮತ್ತು ಮಳೆಗೆ ಒಳಬಂದ ಒಬ್ಬ. ತೀರಿಹೋದ ಅಪ್ಪನ ಜೊತೆ ಮಗಳು ಮಾತಾಡುವ ಏಕವ್ಯಕ್ತಿ ನಾಟಕ. ನಡುವೆ ಆ ಹುಡುಗಿ ಮುಂದಿನ ಸಾಲಿಗೆ ಬಂದು, ಮಾವನ ಕೈ ಹಿಡಿದು, “ನಾನು ಫೋನ್ ಮಾಡಲಿಲ್ಲ ಅಂತ ನಿಮಗೆ ಬೇಜಾರಾಗಿತ್ತಾ?” ಎಂದಳು. ಇಂಥ ಪ್ರಶ್ನೆಗೆ ಸಂಭಾವಿತರು ನಕ್ಕು ತಲೆತಗ್ಗಿಸಬೇಕು. ಮಾವ ಹವ್ಯಾಸಿ ತಂಡದಲ್ಲಿ ದ್ವಾರಪಾಲಕನಾಗಿ, ಒಂದೂ ಮಾತಿಲ್ಲದೆ, ವರ್ಷಗಟ್ಟಲೆ ಈಟಿ ಹಿಡಿದವರು. ಮಾತಿನ ಅವಕಾಶ ಈಗ ಬಂದಿತ್ತು. ಗಂಟಲು ಸರಿಮಾಡಿಕೊಂಡು, ಬೇಜಾರಾಗಿದ್ದು ಹೌದು, ಆದರೆ ಕಾಲ್‌ಗೆ ಎಷ್ಟಾಗುತ್ತೆ ಅಂತ ತನಗೂ ಗೊತ್ತು, ಹೊತ್ತಿಗೆ ಸರಿಯಾಗಿ ಉಂಡರೆ ಸಾಕು ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರು. ಹುಡುಗಿಗೆ ಮುಂದಿನ ಮಾತು ಮರೆತುಹೋಯಿತು. ಆಮೇಲೆ ಅತ್ತಳು. ಅದು ಬರೆದಿಟ್ಟ ಅಳುವಲ್ಲ ಎಂದು ನನಗನ್ನಿಸಿತು, ಯಾಕೆಂದರೆ ಅವಳ ತಾಯಿಯೂ ಎದ್ದು ಹೋಗಿ ಮೂಗೊರೆಸಿದಳು.

ಕೊನೆಗೆ ಆ ಹುಡುಗಿ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಳು, ಇಷ್ಟವಾದಷ್ಟು ಹಾಕಿ ಎಂದು. ಟೀ, ಬಸ್ಸು, ಮೊಮ್ಮಗನ ಐಸ್‌ಕ್ರೀಮು ಎಲ್ಲವನ್ನೂ ರೂಪಾಯಿಗೆ ಪರಿವರ್ತಿಸಿ ಬೆಚ್ಚಿಬೀಳುವ ಮಾವ ಆ ಬಕೆಟ್ಟಿನ ಮುಂದೆ ಮಾತ್ರ ಗುಣಾಕಾರ ಮರೆಯುತ್ತಾರೆ. ನೋಟು ಹಾಕಿ, “ಉಚ್ಚಾರಣೆ ಸ್ವಲ್ಪ ಸ್ಪಷ್ಟವಾಗಲಿ” ಎಂದು ಆಶೀರ್ವದಿಸಿದರು.

ಚೆನ್ನಾಗಿಲ್ಲದ್ದನ್ನೇ ಹುಡುಕಿ ನೋಡುತ್ತೀರಲ್ಲ ಎಂದು ಕೇಳಿದೆ. ಅದಕ್ಕವರ ಬಳಿ ದಾಖಲೆ ಸಮೇತ ಉತ್ತರವಿತ್ತು. ಟಾಮ್ ಸ್ಟಾಪರ್ಡ್‌ರ ‘ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್’ 1966ರಲ್ಲಿ ಇದೇ ಉತ್ಸವಕ್ಕೆ ಬಂದದ್ದು, ‘ಫ್ಲೀಬ್ಯಾಗ್’ 2013ರಲ್ಲಿ ಇಂಥದೇ ನೆಲಮಾಳಿಗೆಯಲ್ಲಿ ಆಡಿದ್ದು. ಎರಡೂ ಆಮೇಲೆ ಜಗತ್ಪ್ರಸಿದ್ಧವಾದವು. “ಅವತ್ತು ಅಲ್ಲಿ ಕೂತೋರಿಗೆ ಮುಂದೇನಾಗುತ್ತೆ ಅಂತ ಗೊತ್ತಿತ್ತೇನೋ?” ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಅವರು ಹೋಗುವುದು ಮುಂದಿನ ಫ್ಲೀಬ್ಯಾಗ್ ಹುಡುಕಿಕೊಂಡಲ್ಲ. ನಾಲ್ಕು ಜನರಿರುವ ಕಡೆ ಮಾವ ಕೆಮ್ಮಿದರೂ ನಾಟಕ ತುಸು ನಿಲ್ಲುತ್ತದೆ, ನಕ್ಕರೆ ನಟನ ಬೆನ್ನು ನೆಟ್ಟಗಾಗುತ್ತದೆ, ತೂಕಡಿಸಿದರೆ ಕಾಲು ಭಾಗ ಪ್ರೇಕ್ಷಕವರ್ಗ ತೂಕಡಿಸಿದಂತೆ. ನಿವೃತ್ತಿಯಾದ ಮೇಲೆ ಇಷ್ಟು ಅಧಿಕಾರ ಅವರಿಗೆ ಮನೆಯಲ್ಲೂ ಸಿಕ್ಕಿಲ್ಲ.

ಮೊನ್ನೆ ಬೆಂಗಳೂರಿಂದ ಫೋನ್ ಮಾಡಿದ್ದರು. ಯಾವುದೋ ನಾಟಕಕ್ಕೆ ಹೋದರಂತೆ, ಬಾಗಿಲಲ್ಲಿ ಹೌಸ್‌ಫುಲ್ ಬೋರ್ಡು ನೋಡಿ ವಾಪಸ್ ಬಂದರಂತೆ.

“ಟಿಕೆಟ್ ಸಿಗಲಿಲ್ವಾ ಮಾವ?”

“ಕೈಯಲ್ಲೇ ಇತ್ತು ಕಣೋ. ಅಷ್ಟು ಜನ ಇರೋವಾಗ ನಾನ್ಯಾಕೆ ಅನ್ನಿಸ್ತು. ಅಲ್ಲೇ ನಿಂತಿದ್ದ ಒಬ್ಬ ಹುಡುಗನಿಗೆ ಕೊಟ್ಟು ಬಂದೆ.”

ಎಂಥ ದೊಡ್ಡ ಮನಸ್ಸು ಎಂದೆ.

“ಪೂರ್ತಿ ದುಡ್ಡು ಇಸ್ಕೊಂಡೆ” ಎಂದರು.