ಸಿಂಗಾಪುರದಲ್ಲಿ ಬೈ ಟೂ

"ಸಿಂಗಾಪುರಕ್ಕಾ? ಒಳ್ಳೇದಾಯ್ತು ಬಿಡು. ನಮ್ಮ ಸಣ್ಣ ಮಗಳ ಮನೆಯೂ ಅಲ್ಲೇ, ವಿದ್ಯಾರಣ್ಯಪುರದಲ್ಲಿ. ಭಾನುವಾರ ಊಟಕ್ಕೆ ಹೋಗಿ ಬಾ" ಅಂದರು ದೊಡ್ಡತ್ತೆ.

ತಪ್ಪು ಅವರದಲ್ಲ. ಬೆಂಗಳೂರಿನ ಉತ್ತರಕ್ಕೆ ವಿದ್ಯಾರಣ್ಯಪುರದ ಮಗ್ಗುಲಲ್ಲಿ ಸಿಂಗಾಪುರ ಅನ್ನುವ ಊರು ಇದ್ದೇ ಇದೆ. ಕೆರೆಯಿದೆ, ಲೇಔಟಿದೆ. "ಅದಲ್ಲ ಅತ್ತೆ, ಸಮುದ್ರದಾಚೆಯ ಸಿಂಗಾಪುರ" ಎಂದಾಗ "ಹಂಗಾದ್ರೆ ದೂರಾಯ್ತು" ಎಂದು ಲೊಚಗುಟ್ಟಿದರು. ದೂರ ಅನ್ನುವುದೂ ಒಂದು ಭ್ರಮೆ. ನಮ್ಮೂರು ಸಾಗರದಿಂದ ರಾತ್ರಿ ಬಸ್ಸು ಹತ್ತಿದರೆ ಬೆಂಗಳೂರು ಸೇರುವುದಕ್ಕೆ ಏಳೆಂಟು ತಾಸು ಬೇಕು. ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ತಾಸು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸುವುದಿಲ್ಲ ಅನ್ನುವುದೊಂದೇ ಕೊರತೆ.

ಅಪ್ಪಯ್ಯನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ನೌಕರಿಯ ಪತ್ರವನ್ನು ಓದಿ ಹೇಳುತ್ತ "ಗ್ಲೋಬಲ್ ಬಿಸಿನೆಸ್ ಹಬ್" ಎಂಬಲ್ಲಿಗೆ ಬಂದೆ.

"ಎಂಥ ಹಬ್ಬ?"

"ಹಬ್ಬ ಅಲ್ಲ ಅಪ್ಪಯ್ಯ, ಹಬ್. ಊರೂರಿನ ಮಾಲು, ದುಡ್ಡು, ವ್ಯಾಪಾರಸ್ಥರು ಎಲ್ಲ ಅಲ್ಲಿಗೆ ಬಂದು ಸೇರ್ತಾರೆ."

"ಎಪಿಎಂಸಿ ಯಾರ್ಡು ಅನ್ನು."

ಅಡಿಕೆ ಬೆಳೆಗಾರನಿಗೆ ಅದಕ್ಕಿಂತ ಚೆನ್ನಾಗಿ ವಿವರಿಸಲು ನನ್ನಿಂದಲೂ ಆಗುತ್ತಿರಲಿಲ್ಲ. ಮುಂದಿನ ಪ್ರಶ್ನೆ, ಜಾಗ ಎಷ್ಟು. ಇಡೀ ದೇಶ ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು, 730 ಚದರ ಕಿಲೋಮೀಟರ್ ಆಸುಪಾಸು. ಅದರಲ್ಲೂ 1960ರ ಹೊತ್ತಿಗೆ ಇದ್ದದ್ದು 580 ಮಾತ್ರ, ಉಳಿದದ್ದು ಸಮುದ್ರಕ್ಕೆ ಮಣ್ಣು, ಮರಳು ಹೊಯ್ದು ಮಾಡಿಕೊಂಡದ್ದು ಅಂದೆ. ಅಪ್ಪಯ್ಯನ ಕಣ್ಣು ಅರಳಿತು. ತೋಟದ ತಲೆಯ ಮೇಲಿನ ಹನ್ನೆರಡು ಗುಂಟೆ ಒತ್ತುವರಿಯನ್ನು ಸಕ್ರಮ ಮಾಡಿಸಲು ಐವತ್ತನೇ ನಮೂನೆ, ಐವತ್ತಮೂರನೇ ನಮೂನೆ, ಐವತ್ತೇಳನೇ ನಮೂನೆ ಎಂದು ಅರ್ಜಿ ಹಾಕುತ್ತಲೇ ತಲೆ ಬೆಳ್ಳಗಾದ ಮನುಷ್ಯ ಅವರು.

"ಸಮುದ್ರಾನೇ ಒತ್ತುವರಿ ಮಾಡಿದ್ರಾ! ಯಾರೂ ತಕರಾರು ಹಾಕಲಿಲ್ವ?"

ಹಾಕಿದ್ದರು. ಪಕ್ಕದ ಮಲೇಷ್ಯಾ 2003ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ನ್ಯಾಯಮಂಡಳಿಯವರೆಗೆ ಹೋಗಿತ್ತು. 2005ರಲ್ಲಿ ಎರಡೂ ಕಡೆಯವರು ಕೂತು ರಾಜಿಯಾದರು.

"ಎರಡೇ ವರ್ಷಕ್ಕೆ ತೀರ್ಮಾನ ಆಯ್ತಾ? ಒಳ್ಳೇ ದೇಶ. ಹೋಗು ಮಾರಾಯ" ಎಂದರು ಅಪ್ಪಯ್ಯ. ವೀಸಾ ಬರುವ ಮುಂಚೆಯೇ ನಮ್ಮ ಮನೆಯ ಜಗಲಿಯಲ್ಲಿ ನನಗೆ ವೀಸಾ ಸಿಕ್ಕಿತು.

ಕಚೇರಿ ಇದ್ದದ್ದು ರಾಫಲ್ಸ್ ಪ್ಲೇಸಿನಲ್ಲಿ, ಕತ್ತು ನೋಯುವಷ್ಟು ಎತ್ತರದ ಬ್ಯಾಂಕುಗಳ ನಡುವೆ. ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ. ಬೆಂಗಳೂರಿನಲ್ಲಿ ಯಾವ ಎಕ್ಸೆಲ್ ಹಾಳೆ ನೋಡಿ ಆಕಳಿಸುತ್ತಿದ್ದೆನೋ ಅದನ್ನೇ ಇಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತು ಆಕಳಿಸಿದೆ. ಚಳಿಯ ಬಗ್ಗೆ ಮಾತ್ರ ಹೇಳಬೇಕು. ಸಮಭಾಜಕ ವೃತ್ತ ಅಲ್ಲಿಂದ ನೂರೈವತ್ತು ಕಿಲೋಮೀಟರೂ ಇಲ್ಲ. ಮಾಗಿಯ ಮುಂಜಾವದಲ್ಲಿ ಬರಿಮೈಯಲ್ಲಿ ತೋಟಕ್ಕೆ ಇಳಿದವನು ನಾನು, ಅಂಥವನು ಜೀವಮಾನದಲ್ಲಿ ಮೊದಲ ಸಲ ಸ್ವೆಟರ್ ಕೊಂಡದ್ದು ಸಿಂಗಾಪುರದ ಏಸಿಗೆ ಹೆದರಿ. ಆ ದೇಶವನ್ನು ಕಟ್ಟಿದ ಲೀ ಕ್ವಾನ್ ಯೂ ಅವರಿಗೆ ಏಸಿಯ ಮೇಲೆ ಎಲ್ಲಿಲ್ಲದ ಗೌರವವಿತ್ತಂತೆ. ಸೆಕೆ ನಾಡಿನಲ್ಲಿ ದಿನವಿಡೀ ಕೆಲಸ ಮಾಡುವುದು ಸಾಧ್ಯವಾದದ್ದೇ ಅದರಿಂದ ಎಂದು ನಂಬಿ, ಅಧಿಕಾರ ಹಿಡಿದ ಹೊಸತರಲ್ಲೇ ಸರ್ಕಾರಿ ಕಚೇರಿಗಳಿಗೆ ಏಸಿ ಹಾಕಿಸಿದರು. ಆಮೇಲೆ ಅದನ್ನು ಕಡಿಮೆ ಮಾಡಲು ಯಾರಿಗೂ ಧೈರ್ಯ ಬಂದಂತಿಲ್ಲ.

ಮನೆ ಸಿಕ್ಕಿದ್ದು ತೋವಾ ಪಾಯೋ ಎಂಬಲ್ಲಿ. ಹಾಗೆಂದರೆ ದೊಡ್ಡ ಜೌಗು ಎಂದರ್ಥ. ಸಾಗರದವನು ಸಾಗರ ದಾಟಿ ಹೋಗಿ ಜೌಗು ಸೇರಿದಂತಾಯಿತು. ಮನೆ ಎಂದರೆ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಬ್ಲಾಕಿನ ಹನ್ನೆರಡನೇ ಮಹಡಿಯಲ್ಲಿ ಒಂದು ಕೋಣೆ. ಈ ಮಂಡಳಿ 1960ರಲ್ಲಿ ಹುಟ್ಟಿತು. ಇವತ್ತು ಅಲ್ಲಿನ ಜನರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವರು ಇಂಥ ಬ್ಲಾಕುಗಳಲ್ಲೇ ಇದ್ದಾರೆ. ಕೋಣೆಯ ಜಾಹೀರಾತಿನಲ್ಲಿ "ಲೈಟ್ ಕುಕಿಂಗ್ ಓಕೆ" ಎಂದಿತ್ತು. ಲೈಟಾಗಿ ಅಂದರೆ ನಾವು ಅನ್ನ, ಸಾರು, ಒಂದು ಪಲ್ಯ, ಒಂದು ತಂಬುಳಿ ಎಂದು ತಿಳಿಯುವವರಲ್ಲವೇ? ಮೊದಲ ಶನಿವಾರ ಅಪ್ಪೆಹುಳಿ ಮಾಡಿದೆ. ಕಾದ ಎಣ್ಣೆಗೆ ಸಾಸಿವೆ, ಇಂಗು, ನಾಲ್ಕು ಒಣಮೆಣಸು ಬಿದ್ದವು ನೋಡಿ, ಮನೆಯೊಡತಿ ಆಂಟಿ ಕೆಮ್ಮುತ್ತ ಓಡಿ ಬಂದರು.

"ದಿಸ್ ಲೈಟ್ ಆಹ್?"

ಒಗ್ಗರಣೆ ಎಂಬುದು ಅಡುಗೆಯ ಕೊನೆಯ ಅರ್ಧ ನಿಮಿಷ ಮಾತ್ರ ಎಂದು ವಿವರಿಸಿದೆ. ಆ ಅರ್ಧ ನಿಮಿಷದಲ್ಲೇ ಅವರಿಗೆ ಹದಿನೇಳು ಸಲ ಕೆಮ್ಮು ಬಂದಿತ್ತು. ಬಾಡಿಗೆ ಮುಗಿಯಿತು ಅಂದುಕೊಂಡೆ. ಆದರೆ ಆಂಟಿ ಒಂದು ಲೋಟ ನೀರು ಕುಡಿದು, ಕಣ್ಣೊರೆಸಿಕೊಂಡು, 2011ರ ಕಥೆ ಹೇಳಿದರು. ಅದಕ್ಕೂ ಕೆಲವು ವರ್ಷ ಮುಂಚೆ ಯಾವುದೋ ಬ್ಲಾಕಿನಲ್ಲಿ ಭಾರತೀಯರ ಮನೆಯ ಕರಿಯ ವಾಸನೆ ಸಹಿಸಲಾರೆವೆಂದು ಚೀನಾದಿಂದ ಹೊಸದಾಗಿ ಬಂದ ಪಕ್ಕದ ಮನೆಯವರು ದೂರಿದರು. ಅವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಮಾತ್ರ ಕರಿ ಮಾಡುವುದೆಂದು ರಾಜಿಯಾಯಿತು. ಇದು 2011ರಲ್ಲಿ ಪತ್ರಿಕೆಯಲ್ಲಿ ಬಂದದ್ದೇ ಊರಿಗೆ ಊರೇ ಸಿಟ್ಟಾಗಿ, ಆಗಸ್ಟ್‌ನ ಒಂದು ಭಾನುವಾರ ಚೀನೀಯರು, ಮಲಯರು ಎನ್ನದೆ ಸಾವಿರಾರು ಜನ ಬೇಕೆಂದೇ ಕರಿ ಮಾಡಿ ಉಂಡರು. ಆಂಟಿಯೂ ಮಾಡಿದ್ದರಂತೆ. "ಸೋ, ಕ್ಯಾನ್" ಎಂದು ಅಪ್ಪಣೆ ಕೊಟ್ಟರು.

ಆ "ಕ್ಯಾನ್" ಎಷ್ಟು ಉದಾರವಾದದ್ದು ಎಂಬುದು ಮಂಗಳವಾರ ತಿಳಿಯಿತು. ಅಂದು ಅವರು ಬೆಲಚಾನ್ ಹುರಿದರು. ಸಿಗಡಿಯನ್ನು ಉಪ್ಪು ಹಾಕಿ ಕೊಳೆಸಿ ಒಣಗಿಸಿದ ಪದಾರ್ಥ ಅದು. ಪುಳಿಚಾರಿನವನಾದ ನಾನು ಹನ್ನೆರಡು ಮಹಡಿ ಇಳಿದು ಹೋಗಿ ಬ್ಲಾಕಿನ ಬುಡದ ಖಾಲಿ ಅಂಗಳದಲ್ಲಿ ಕೂತೆ. ಅಲ್ಲಿಂದ ಮುಂದೆ ಒಪ್ಪಂದವಾಯಿತು. ಶನಿವಾರ ನನ್ನ ಒಗ್ಗರಣೆಗೆ ಆಂಟಿ ಕೆಳಗೆ, ಮಂಗಳವಾರ ಅವರ ಬೆಲಚಾನ್‌ಗೆ ನಾನು ಕೆಳಗೆ. ಹ್ಯಾಂಬರ್ಗ್‌ವರೆಗೆ ಯಾರೂ ಹೋಗಲಿಲ್ಲ.

ಇಷ್ಟೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಕಾಫಿ. ಬೆಳಗಿನ ಕಾಫಿಯ ವಿಷಯದಲ್ಲಿ ಮಲೆನಾಡಿನವನ ಜಂಬ ಎಂಥದೆಂದು ನಿಮಗೆ ಗೊತ್ತು. ಬ್ಲಾಕಿನ ಹತ್ತಿರದ ಹಾಕರ್ ಸೆಂಟರಿಗೆ, ಎಂದರೆ ಒಂದೇ ಸೂರಿನಡಿ ಸಾಲಾಗಿ ನಿಂತ ತಿಂಡಿಯಂಗಡಿಗಳ ಸಂತೆಗೆ, ಹೋಗಿ ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಹಾಲು ಹಾಕಿದ, ಸಕ್ಕರೆ ಕಡಿಮೆಯ, ಸ್ಟ್ರಾಂಗ್ ಕಾಫಿ ಕೇಳಿದೆ. ಅಂಗಡಿಯಾಕೆ ಅರ್ಧ ಕೇಳಿ "ಕೋಪಿ" ಎಂದು ಕೂಗಿದಳು. ಬಂದದ್ದನ್ನು ಪಾಯಸ ಎನ್ನಬಹುದಿತ್ತು. ತಳದಲ್ಲಿ ಒಂದು ಬೆರಳು ದಪ್ಪ ಡಬ್ಬಿಯ ಸಿಹಿಹಾಲು.

ಆಮೇಲೆ ಗೊತ್ತಾಯಿತು, ಇದು ವ್ಯಾಕರಣದ ಸಮಸ್ಯೆ. ಕೋಪಿ ಎನ್ನುವುದು ಪ್ರಕೃತಿ. ಅದಕ್ಕೆ ವಿಭಕ್ತಿ ಪ್ರತ್ಯಯ ಹತ್ತಬೇಕು. ಬರೀ ಕೋಪಿ ಎಂದರೆ ಸಿಹಿಹಾಲಿನದು. ಕೋಪಿ ಓ ಎಂದರೆ ಹಾಲಿಲ್ಲದ್ದು, ಸಕ್ಕರೆ ಇದ್ದದ್ದು. ಕೋಪಿ ಸಿ ಎಂದರೆ ಸಿಹಿಯಿಲ್ಲದ ಗಟ್ಟಿಹಾಲು, ಜೊತೆಗೆ ಸಕ್ಕರೆ. ಸಿಯು ದಾಯ್ ಸೇರಿಸಿದರೆ ಸಿಹಿ ಕಡಿಮೆ, ಗಾವ್ ಎಂದರೆ ಗಟ್ಟಿ ಡಿಕಾಕ್ಷನ್, ಪೋ ಎಂದರೆ ತೆಳು, ಪೆಂಗ್ ಎಂದರೆ ಐಸು. ಕೊಸೊಂಗ್ ಎಂದರೆ ಸಕ್ಕರೆಯೇ ಬೇಡ. ಮಲಯ ಭಾಷೆಯಲ್ಲಿ ಆ ಮಾತಿಗೆ ಖಾಲಿ ಎಂದರ್ಥ. ಒಂದು ಲೋಟ ಕಾಫಿಯೊಳಗೆ ಮಲಯ, ಹೊಕ್ಕಿಯನ್, ಇಂಗ್ಲಿಷ್ ಎಲ್ಲ ಕದಡಿಕೊಂಡಿವೆ. ಕಲಿಯುವ ಉತ್ಸಾಹದಲ್ಲಿ ಮರುದಿನ "ಕೋಪಿ ಓ ಕೊಸೊಂಗ್ ಗಾವ್" ಎಂದೆ. ಜ್ವರ ಬಂದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ನೆಲಬೇವಿನ ಕಷಾಯ ನೆನಪಾಯಿತು.

ಈ ಕೋಪಿ ಮಾಡುವ ಬಗೆಯೂ ಬೇರೆ. ರೊಬಸ್ಟಾ ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕರ್‍ರಗೆ ಹುರಿಯುತ್ತಾರೆ. ಕಾಲುಚೀಲದಂಥ ಉದ್ದನೆಯ ಬಟ್ಟೆಯಲ್ಲಿ ಸೋಸುತ್ತಾರೆ. ಪಾರ್ಸೆಲ್ ಕೇಳಿದರೆ ಪ್ಲಾಸ್ಟಿಕ್ ಚೀಲಕ್ಕೆ ಹೊಯ್ದು ದಾರ ಕಟ್ಟಿ ಕೈಗೆ ತೂಗುಹಾಕುತ್ತಾರೆ, ನಮ್ಮ ಹೋಟೆಲಿನ ಸಾಂಬಾರಿನಂತೆ. "ಇದು ಕಾಫಿಯೇ ಅಲ್ಲ" ಎಂದು ಊರಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದೆ. ಹೇಳುತ್ತಲೇ ದಿನಕ್ಕೆರಡು ಕುಡಿಯುತ್ತಿದ್ದೆ. ಒಂದೂವರೆ ಡಾಲರನ್ನು ಅರವತ್ತೈದರಿಂದ ಗುಣಿಸಿದ ಸಂಕಟದಲ್ಲಿ ಒಮ್ಮೆ ಕಚೇರಿಯ ಗೆಳೆಯನಿಗೆ ಬೈ ಟೂ ಎಂಬ ನಮ್ಮ ಮಹಾಸಂಶೋಧನೆಯನ್ನು ವಿವರಿಸಿದೆ. ಅವನು ಮರುಕದಿಂದ ನನಗೊಂದು ಇಡೀ ಕೋಪಿ ಕೊಡಿಸಿದ.

ಒಂದು ವಿಷಯಕ್ಕೆ ಮಾತ್ರ ನನಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಹಾಕರ್ ಸೆಂಟರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಟೇಬಲ್ ಸಿಗುವುದು ಕಷ್ಟ. ಆಗ ಅಲ್ಲಿನವರು ಖಾಲಿ ಟೇಬಲಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಎಸೆದು ಊಟ ತರಲು ಹೋಗುತ್ತಾರೆ. ಇದಕ್ಕೆ ಚೋಪ್ ಮಾಡುವುದು ಎಂದು ಹೆಸರು. ಲಕ್ಷಾಂತರ ಡಾಲರ್ ವಹಿವಾಟು ನಡೆಸುವವರು, ಅರವತ್ತು ಪುಟದ ಕರಾರಿಗೆ ಎಂಟು ಕಡೆ ರುಜು ಹಾಕಿಸುವ ವಕೀಲರು, ಯಾರೋ ಇಟ್ಟ ಆ ಟಿಶ್ಯೂ ಪ್ಯಾಕೆಟ್ಟಿನ ಮುಂದೆ ತಲೆತಗ್ಗಿಸಿ ಬೇರೆ ಟೇಬಲ್ ಹುಡುಕುತ್ತಾರೆ. ಹೊರದೇಶದವರಿಗೆ ಇದು ಸೋಜಿಗವಂತೆ. ಕೆಎಸ್ಸಾರ್ಟಿಸಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಬೆಳೆದವನಿಗೆ ಎಂಥ ಸೋಜಿಗ! ಟಿಶ್ಯೂ ಎಂದರೆ ಟವೆಲ್ಲಿನ ಮರಿ, ಅಷ್ಟೆ. ನಮ್ಮಲ್ಲಿ ಟವೆಲ್ ಮೇಲೆ ಕೂತವನಿಗೂ ಎಸೆದವನಿಗೂ ಜಗಳವಾಗುತ್ತದೆ, ಇಲ್ಲಿ ಆಗುವುದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಭಾಷೆಯದೂ ಹಾಗೆಯೇ. ಅಲ್ಲಿ ಅಧಿಕೃತ ಭಾಷೆಗಳು ನಾಲ್ಕು: ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್. ನನ್ನ ಮುಖ ಕಂಡವರೆಲ್ಲ ತಮಿಳಿನಲ್ಲಿ ಮಾತಾಡಿಸುತ್ತಿದ್ದರು. ಸೆರಂಗೂನ್ ರಸ್ತೆಯ ತರಕಾರಿಯವರ ಹತ್ತಿರ ಕರಿಬೇವು ಕೇಳುತ್ತ ಕೇಳುತ್ತ, ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದರೂ ಬಾರದ ತಮಿಳು ಬಂತು. ಮೆಟ್ರೋದ ಮೂರು ದಾರಿ ಕೂಡುವ ಒಂದು ದೊಡ್ಡ ನಿಲ್ದಾಣದ ಹೆಸರು ಧೋಬಿ ಘಾಟ್. ಹಿಂದೆ ನಮ್ಮ ದೇಶದಿಂದ ಹೋದ ಅಗಸರು ಅಲ್ಲಿ ಬಟ್ಟೆ ಒಗೆಯುತ್ತಿದ್ದರು. ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ಅಲ್ಲಿ ರೈಲು ಬದಲಿಸುವಾಗ ನನಗೂ ಮುಂಚೆ ಇಲ್ಲಿಗೆ ಬಂದು ದುಡಿದವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದಂತಾಗಿ, ಎರಡು ಕ್ಷಣ ನನ್ನ ಟೈ ಬಿಗಿಯೆನಿಸುತ್ತಿತ್ತು.

ಆಗಸ್ಟ್ ಕೊನೆಯಲ್ಲಿ ಅಪ್ಪಯ್ಯ, ಅಮ್ಮ ಬಂದರು. ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಸಿ ಮುಗಿಸಿದ ಮೇಲೇ ಅಪ್ಪಯ್ಯ ಟಿಕೆಟ್ ಮಾಡಿಸಲು ಬಿಟ್ಟದ್ದು. ವಿಮಾನ ನಿಲ್ದಾಣದಲ್ಲಿ ಅವರ ಮೊದಲ ಮಾತು, "ಇಲ್ಲಿ ಕವಳ ಹಾಕಿದ್ರೆ ಉಗಿಯೋದು ಎಲ್ಲಿ?" ಉಗಿದರೆ ದಂಡ ಎಂದೆ. ಅವರು ಬಾಯಲ್ಲಿದ್ದುದನ್ನು ಗಂಭೀರವಾಗಿ ನುಂಗಿದರು.

ಮರುದಿನ ಬೆಳಗ್ಗೆ ಹಾಕರ್ ಸೆಂಟರಿಗೆ ಕರೆದುಕೊಂಡು ಹೋಗಿ ಟಿಶ್ಯೂ ಎಸೆದು ಟೇಬಲ್ ಹಿಡಿಯುವುದನ್ನು ತೋರಿಸಿದೆ. ಅಪ್ಪಯ್ಯನಿಗೆ ತುಂಬಾ ಹಿಡಿಸಿತು. ನಾನು ವ್ಯಾಕರಣ ಜೋಡಿಸಿಕೊಂಡು ಕೌಂಟರಿಗೆ ಹೋಗುವಷ್ಟರಲ್ಲಿ ಅಮ್ಮ ಮುಂದೆ ನಿಂತಿದ್ದಳು. ಒಂದು ಬೆರಳು ಎತ್ತಿದಳು, ತನ್ನನ್ನೂ ಅಪ್ಪಯ್ಯನನ್ನೂ ತೋರಿಸಿದಳು, ಅಂಗೈಯಿಂದ ಗಾಳಿಯನ್ನು ಎರಡಾಗಿ ಕತ್ತರಿಸಿ "ಇನ್ನೊಂದು ಖಾಲಿ ಲೋಟ ಕೊಡಿ" ಎಂದು ಶುದ್ಧ ಕನ್ನಡದಲ್ಲಿ ಹೇಳಿದಳು. ಅಂಗಡಿಯಾಕೆ ತಲೆಯಾಡಿಸಿ "ಕಪ್ ಕೊಸೊಂಗ್, ಕ್ಯಾನ್" ಎಂದು ಕೋಪಿಯ ಪಕ್ಕ ಒಂದು ಬರಿದು ಲೋಟ ಇಟ್ಟಳು. ಎಂಟು ತಿಂಗಳಿಂದ ನನಗೆ ಆಗದ ಬೈ ಟೂ ಅರ್ಧ ನಿಮಿಷದಲ್ಲಿ ಆಯಿತು.

ಅಮ್ಮ ಒಂದು ಗುಟುಕು ಕುಡಿದು ಹುಬ್ಬೇರಿಸಿದಳು. "ಕಾಫಿಯೇ ಅಲ್ಲ ಅಂತಿದ್ದೆಯಲ್ಲೋ? ನಿನ್ನ ಅಜ್ಜಿ ಮಾಡ್ತಿದ್ದ ಬೆಲ್ಲದ ಕಾಫಿಯ ಪರಿಮಳವೇ ಇದೆ." ಬೀಜ ಹುರಿಯುವಾಗ ಸಕ್ಕರೆ ಸುಟ್ಟ ವಾಸನೆಯನ್ನು ನಾನು ಅಷ್ಟು ದಿನ ಬೈದುಕೊಂಡು ಕುಡಿದದ್ದು ಮತ್ತೇಕೆ?

ಅದು ಚೀನೀ ಪಂಚಾಂಗದ ಏಳನೆಯ ತಿಂಗಳು. ಆ ತಿಂಗಳು ಸತ್ತವರು ಹಸಿದು ಭೂಮಿಗೆ ಬರುತ್ತಾರೆಂದು ಬ್ಲಾಕಿನ ಬುಡದಲ್ಲಿ ಅನ್ನ, ಕಿತ್ತಳೆ, ಊದುಬತ್ತಿ ಇಟ್ಟಿರುತ್ತಾರೆ; ಕಾಗದದ ನೋಟು ಸುಡುತ್ತಾರೆ. ಅಮ್ಮ ಯಾರೂ ಹೇಳದೆಯೇ ಎಡೆಯನ್ನು ದಾಟದೆ ಸುತ್ತಿಕೊಂಡು ನಡೆದಳು. "ನಮ್ಮ ಪಕ್ಷಕ್ಕಿಂತ ಮುಂಚೆಯೇ ಇವರಿಗೆ ಬಂದ್ಬಿಡತ್ತೆ" ಎಂದಳು, ಮಗಳ ಮನೆಗೆ ಹೋಗುವ ಮುಂಚೆ ಮಗನ ಮನೆಗೆ ಬರುವ ನೆಂಟರ ಬಗ್ಗೆ ಹೇಳುವಂತೆ.

ರಾತ್ರಿ ಪಕ್ಕದ ಬಯಲಿನಲ್ಲಿ ಗೆಟಾಯ್ ಇತ್ತು. ಪೆಂಡಾಲು, ಝಗಮಗ ದೀಪ, ಮಿಣಿಮಿಣಿ ಉಡುಪಿನ ಗಾಯಕಿಯರು, ಹೊಕ್ಕಿಯನ್ ಹಾಡು. ಯಕ್ಷಗಾನದ ಹುಚ್ಚಿನ ಅಪ್ಪಯ್ಯ ಪೆಂಡಾಲು ಕಂಡದ್ದೇ ತಡ, ಸರಸರ ನಡೆದರು. ಹಿಂದಿನ ಸಾಲುಗಳೆಲ್ಲ ತುಂಬಿ, ಮುಂದಿನ ಸಾಲಿನ ಕೆಂಪು ಕುರ್ಚಿಗಳೆಲ್ಲ ಖಾಲಿ ಇದ್ದವು. ನಾನು ತಲುಪುವಷ್ಟರಲ್ಲಿ ಅವರು ನಟ್ಟನಡುವಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಾಗಿತ್ತು. ಹಾಡುತ್ತಿದ್ದವಳ ದನಿ ಒಂದು ಕ್ಷಣ ನಡುಗಿತು. ವ್ಯವಸ್ಥಾಪಕರೊಬ್ಬರು ಓಡಿಬಂದು ಬಾಗಿ "ಅಂಕಲ್, ಕೆನಾಟ್, ಕೆನಾಟ್" ಎಂದರು.

"ಗಣ್ಯರು ಇನ್ನೂ ಬಂದಿಲ್ಲವಲ್ಲ. ಬಂದಾಗ ಏಳ್ತೇನೆ ಅಂತ ಹೇಳು" ಎಂದರು ಅಪ್ಪಯ್ಯ.

"ಬಂದಿದ್ದಾರೆ ಅಪ್ಪಯ್ಯ. ಆ ಸಾಲು ಸತ್ತವರಿಗೆ ಬಿಟ್ಟದ್ದು."

ಅಪ್ಪಯ್ಯ ಛಕ್ಕನೆ ಎದ್ದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಖಾಲಿ ಕುರ್ಚಿಗಳಿಗೆ ಕೈಮುಗಿದರು. ಹಿಂದೆ ಬಂದು ನಮ್ಮ ಜೊತೆ ನಿಂತುಕೊಂಡು, ಬಹಳ ಹೊತ್ತಿನ ಮೇಲೆ ನನ್ನ ಕಿವಿಯಲ್ಲಿ ಹೇಳಿದರು:

"ಒಂದು ಟಿಶ್ಯೂ ಪ್ಯಾಕೆಟ್ ಇಟ್ಟಿದ್ರೆ ನಾನು ಕೂರ್ತಿರ್ಲಿಲ್ಲ ಮಾರಾಯ."