ಸೊಪ್ಪಿನ ಬೆಟ್ಟ: ಬಳಕೆದಾರರ ಕೈಪಿಡಿ

ಅಡಿಕೆ ತೋಟದ ಜೊತೆಗೆ, ಅದಕ್ಕೆ ಸೊಪ್ಪು ಒದಗಿಸಲೆಂದು ನಿಮ್ಮ ಪಾಲಿಗೆ ಬಂದಿರುವ ಈ ಬೆಟ್ಟವನ್ನು ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ನಿಮ್ಮ ಅಜ್ಜ ಓದಿರಲಿಲ್ಲ, ನಿಜ. ಅವರಿಗೆ ಬಾಯಿಪಾಠವಿತ್ತು.

ಬಿಡಿಭಾಗಗಳು: ಮತ್ತಿ, ಹೊನ್ನೆ, ನಂದಿ, ನೇರಳೆ, ಉಪ್ಪಾಗೆ, ಮುರುಗಲು, ಅಲ್ಲೊಂದು ಇಲ್ಲೊಂದು ಧೂಪ. ಇವುಗಳ ಬದಲು ಬರೀ ಅಕೇಶಿಯಾ ಕಂಡರೆ ಗಾಬರಿ ಬೇಡ. ಅದು ಆಸ್ಟ್ರೇಲಿಯಾ ಕಡೆಯ ಮಾಲು, ಬೇಗ ಬೆಳೆಯುತ್ತದೆಂದು ಕೂರಿಸಿದ್ದು. ದೂರದಿಂದ ಎಲ್ಲವೂ ಹಸಿರೇ. ಆದರೆ ದನ ಆ ಸೊಪ್ಪು ಮೂಸಿ ಮುಂದೆ ಹೋಗುತ್ತದೆ, ಮಂಗಟ್ಟೆ ಹಕ್ಕಿಗೆ ಅಲ್ಲಿ ಹಣ್ಣಿಲ್ಲ. ಹಾಗೆಂದು ಒಂದೇ ಏಟಿಗೆ ಬೋಳಿಸಬೇಡಿ. ಬುಡದಲ್ಲಿ ಹಕ್ಕಿ ಹಾಕಿದ ನೇರಳೆಯೋ ಮತ್ತೊಂದೋ ಮೊಳೆತಿದೆಯೇ ಎಂದು ಬಗ್ಗಿ ನೋಡಿ. ಇದ್ದರೆ ಸ್ವಲ್ಪ ಸ್ವಲ್ಪವೇ ಬೆಳಕು ಬಿಡಿ. ಸಂಬಳವಿಲ್ಲದೆ ದುಡಿಯುವವರ ಕೆಲಸ ಕೆಡಿಸುವುದು ನ್ಯಾಯವಲ್ಲ.

ನೆಡುವುದು: ವನಮಹೋತ್ಸವ 1950ರಿಂದಲೂ ಜುಲೈ ಮೊದಲ ವಾರವೇ. ಧೂಪದ ಮರಕ್ಕೆ ಇದನ್ನು ಯಾರೂ ತಿಳಿಸಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅದರ ದಪ್ಪ ಬೀಜ ಉದುರುತ್ತದೆ, ಒದ್ದೆ ನೆಲದಲ್ಲಿ ಬಿದ್ದಲ್ಲೇ ಬಾಯಿಬಿಟ್ಟು ಬೇರು ಇಳಿಸುತ್ತದೆ. ಡಬ್ಬಿಗೆ ತುಂಬಿ ಮುಂದಿನ ವರ್ಷಕ್ಕೆಂದು ಅಟ್ಟಕ್ಕೇರಿಸಿದರೆ ಸತ್ತ ಬೀಜ ಸಿಗುತ್ತದೆ. ಸಿಕ್ಕ ವಾರದಲ್ಲೇ ಮಣ್ಣಿಗೆ ಸೇರಿಸಿ. ಅಂಕೋಲಾದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಅರಣ್ಯ ಇಲಾಖೆಯ ನರ್ಸರಿಯೇ ಅವರಿಂದ ಕಲಿಯುತ್ತಿತ್ತು.

ನಿರ್ವಹಣೆ: ಈ ಪುಟವನ್ನು ಹಾರಿಸುವವರೇ ಹೆಚ್ಚು. ದನ ನುಗ್ಗದಂತೆ ಅಗಳ ತೋಡಿ. ಬೇಸಿಗೆಗೆ ಮೊದಲೇ ಬೆಂಕಿ ದಾಟದಂತೆ ಅಂಚು ಸವರಿಡಿ. ಸೊಪ್ಪು ಕಡಿಯುವಾಗ ಮರದ ನೆತ್ತಿ ಬಿಡಿ. ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವಾಗಲಂತೂ ಕೈ ಹಗುರವಿರಲಿ: ಎರಡೆಲೆಯ ಹೊನ್ನೆ ಸಸಿ ಹಿಡಿಗೆ ಸಿಕ್ಕಿದ್ದೂ ಗೊತ್ತಾಗದೆ ಹೆಡಿಗೆ ಸೇರುತ್ತದೆ. ಕೊಟ್ಟಿಗೆಯಲ್ಲಿ ಹೊನ್ನೆ ಬೆಳೆದ ದಾಖಲೆಯಿಲ್ಲ.

ಬಳಕೆಯ ಕ್ರಮ: 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಆ ಅಪ್ಪಿಕೋ ಚಳವಳಿ ಮೂರೇ ಸೂಚನೆ ಕೊಟ್ಟಿದೆ: ಉಳಿಸು, ಬೆಳೆಸು, ಬಳಸು. ಮೂರನೆಯದರಿಂದ ಶುರುಮಾಡಿದವರಿಗೆ ವಾರಂಟಿ ಅನ್ವಯಿಸದು.

ದೋಷ ಮತ್ತು ಪರಿಹಾರ: ಉಪ್ಪಾಗೆಗೆ ಪೇಟೆಯಲ್ಲಿ ರೇಟು ಬಂದ ವರ್ಷ ಹಣ್ಣಾಗುವ ಮೊದಲೇ ಟೊಂಗೆ ಸಮೇತ ಕಡಿದೊಯ್ಯುವವರು ಕಾಣಿಸಿಕೊಳ್ಳುತ್ತಾರೆ. ಕೇಳಿದರೆ, ‘ನಾ ಬಿಟ್ರೆ ಮತ್ತೊಬ್ಬ ಒಯ್ತಾ’ ಎನ್ನುತ್ತಾರೆ. ಮಾತು ಸುಳ್ಳಲ್ಲ, ಒಬ್ಬರ ಸಂಯಮದಿಂದ ಈ ದೋಷ ರಿಪೇರಿಯಾಗುವುದಿಲ್ಲ. ಊರವರೆಲ್ಲ ಕೂತು ಕೊಯ್ಲಿನ ದಿನ ಗೊತ್ತುಮಾಡಿ. ಸಭೆ ತಪ್ಪಿಸಿಕೊಂಡವರ ಮನೆಯಲ್ಲೇ ಮುಂದಿನ ಸಭೆ ಇಡಿ. ಚಹಾ, ಅವಲಕ್ಕಿ ಅವರದ್ದೇ.